ಆಪರೇಷನ್ ತಡವಾಗುವುದು ಕೈಯಿಂದಲ್ಲ, ಆಡದ ಮಾತಿನಿಂದ!

ಗುರುವಾರ. ಬೆಳಗಿನ ಮೊದಲ ಬಸ್ಸು. ಬ್ಯಾಡಗಿ ನಿಲ್ದಾಣದಲ್ಲಿ ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಎಕ್ಸ್‌ರೇ ಕವರು ಹಿಡಿದು ಬಸ್ಸು ಹತ್ತಿದ ಹಮಾಲನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಅವನ ತಾಯಿ ಆಸ್ಪತ್ರೆ ಸೇರಿದ್ದಾಳೆ. ಇವತ್ತು ಆಪರೇಷನ್. ಮುದುಕಿ ರಾತ್ರಿಯಿಂದ ಹೊಟ್ಟೆಗೆ ಏನೂ ಹಾಕಿಲ್ಲ, ಒಂದು ಗುಟುಕು ನೀರೂ ಇಲ್ಲ. ಗುರುವಾರವೆಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ದಿನ. ಚೀಲ ಹೊತ್ತರೆ ನಾಲ್ಕು ಕಾಸು ಕಾಣುವ ದಿನ. ಅದನ್ನು ಬಿಟ್ಟು ಬಂದಿದ್ದಾನೆ.

ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡೂ ಆಯಿತು. ಒಂದು ಗಂಟೆಯ ಸುಮಾರಿಗೆ ಸಿಸ್ಟರು ಹೊರಗೆ ಬರುತ್ತಾರೆ.

“ತಮ್ಮಾ, ಇವತ್ತ ಆಗಂಗಿಲ್ಲ. ಅವ್ವಗ ಚಹಾ ಕುಡಸು. ಸೋಮವಾರಕ್ಕ ಇಟ್ಟಾರ.”

“ಯಾಕ್ರೀ ಅಕ್ಕಾರ, ಏನಾತ್ರೀ?”

“ಥೇಟರ್ ಖಾಲಿ ಆಗಲಿಲ್ಲಪಾ.”

ಸೋಮವಾರವೂ ಬ್ಯಾಡಗಿಯಲ್ಲಿ ಪೇಟೆಯ ದಿನವೇ! ವಾರದ ಎರಡೂ ಪೇಟೆ ಹೋದವು. ಬಸ್ ಚಾರ್ಜು ಎರಡು ಪಟ್ಟು ಆಯಿತು. ಮುದುಕಿಯ ಉಪವಾಸ ವ್ಯರ್ಥವಾಯಿತು. ಇಂಥ ಹಮಾಲ ಒಬ್ಬನೇ ಅಲ್ಲ. ಅಂಗಡಿಗೆ ಬೀಗ ಹಾಕಿ ಬಂದ ಕಿರಾಣಿ ವ್ಯಾಪಾರಿ, ರಜೆ ಚೀಟಿ ಬರೆದುಕೊಟ್ಟು ಬಂದ ಮಾಸ್ತರು, ಬಿತ್ತನೆ ಬಿಟ್ಟು ಬಂದ ರೈತ, ಎಲ್ಲರೂ ಯಾವತ್ತೋ ಒಂದು ದಿನ ಈ ಬಾಗಿಲ ಮುಂದೆ ಕೂತವರೇ. “ಡಾಕ್ಟರು ಕಮ್ಮಿ, ರೋಗಿಗಳು ಜಾಸ್ತಿ” ಎಂದು ಸಮಾಧಾನ ಮಾಡಿಕೊಂಡು ಎದ್ದು ಹೋಗುತ್ತಾರೆ.

ಅದು ಸುಳ್ಳಲ್ಲ. ಆದರೆ ಅರ್ಧ ಸತ್ಯ. ಇನ್ನರ್ಧ ಇರುವುದು ಆ ಬಾಗಿಲ ಒಳಗೆ.

ಗಂಟೆ ನುಂಗಿದವರು ಯಾರು?

ಒಳಗೆ ಏನೇನು ಆಗಿರಬಹುದು? ಒಂಬತ್ತಕ್ಕೆ ಶುರುವಾಗಬೇಕಿದ್ದ ಮೊದಲ ಆಪರೇಷನ್ 40 ನಿಮಿಷ ತಡ. ಹಿಂದಿನ ದಿನ ಸಂಜೆ ಪಟ್ಟಿಯ ಸರದಿ ಬದಲಾಗಿತ್ತು. ಅರಿವಳಿಕೆ ಕೊಡುವ ಡಾಕ್ಟರಿಗೆ ಯಾರೂ ಹೇಳಿರಲಿಲ್ಲ. ಅವರು ಬೇರೆ ರೋಗಿಯನ್ನು ಪರೀಕ್ಷಿಸಿ ತಯಾರಾಗಿ ಬಂದಿದ್ದರು. ಎರಡನೆಯ ರೋಗಿಗೆ ಬೇಕಾದ ಉಪಕರಣದ ಪೆಟ್ಟಿಗೆ ಇನ್ನೂ ಆಟೋಕ್ಲೇವ್ ಯಂತ್ರದ ಆವಿಯಲ್ಲಿ ಬೇಯುತ್ತಿತ್ತು. ಅಲ್ಲಿ 30 ನಿಮಿಷ. ಮೂರನೆಯವರಿಗೆ ಒಂದು ಬಾಟಲಿ ರಕ್ತ ಬೇಕಾದೀತೆಂದು ಸರ್ಜನ್ನರ ಮನಸ್ಸಿನಲ್ಲಿತ್ತು, ಚೀಟಿಯ ಮೇಲೆ ಬಂದಿರಲಿಲ್ಲ. ಅಲ್ಲಿ 35 ನಿಮಿಷ. ಕೂಡಿಸಿ ನೋಡಿ: ಒಂದೂ ಮುಕ್ಕಾಲು ಗಂಟೆ. ನಾಲ್ಕನೆಯ ನಂಬರಿನ ಮುದುಕಿಯ ಸರದಿ ಹೋದದ್ದು ಹೀಗೆ.

ಇಲ್ಲಿ ಯಾರೂ ಮೈಗಳ್ಳತನ ಮಾಡಲಿಲ್ಲ. ಸರ್ಜನ್ನರ ಕೈ ನಡುಗಲಿಲ್ಲ. ಯಂತ್ರ ಕೆಡಲಿಲ್ಲ, ಕರೆಂಟೂ ಹೋಗಲಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗಬೇಕಾಗಿದ್ದ ಮೂರು ಮಾತು ಹೋಗಲಿಲ್ಲ, ಅಷ್ಟೆ.

ಆಪರೇಷನ್ ಎಂದರೆ ಒಬ್ಬ ದೊಡ್ಡ ಡಾಕ್ಟರ ಕೆಲಸ ಎಂದು ಜನ ತಿಳಿದಿದ್ದಾರೆ. ಚಾಕು ಹಿಡಿಯುವವರು ಒಬ್ಬರು ನಿಜ. ಆದರೆ ಮತ್ತು ಕೊಟ್ಟು ಉಸಿರು ಕಾಯುವವರು ಒಬ್ಬರು, ಉಪಕರಣ ಕೈಗೆ ಕೊಡುವ ನರ್ಸ್ ಒಬ್ಬರು, ಬೇಕಾದ್ದನ್ನು ಓಡಾಡಿ ತಂದುಕೊಡುವ ನರ್ಸ್ ಇನ್ನೊಬ್ಬರು, ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್, ರೋಗಿಯನ್ನು ಸ್ಟ್ರೆಚರಿನ ಮೇಲೆ ತಂದು ಒಯ್ಯುವ ವಾರ್ಡ್ ಬಾಯ್, ನೆಲ ಒರೆಸುವ ಆಯಾ, ಇಷ್ಟು ಜನ ಕೂಡಿದರೆ ಒಂದು ಆಪರೇಷನ್. ಇವರಲ್ಲಿ ಒಬ್ಬರು ನಿಂತರೆ ಎಲ್ಲರೂ ನಿಂತಂತೆ.

ಕಂಡಕ್ಟರನ ಸೀಟಿ

ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಸ್ಸು ಓಡಿಸುವವನು ಡ್ರೈವರು. ಸ್ಟಿಯರಿಂಗು, ಬ್ರೇಕು ಎಲ್ಲ ಅವನ ಕೈಯಲ್ಲಿ. ಆದರೂ ಮೋಟೆಬೆನ್ನೂರಿನಲ್ಲಿ ನಿಂತ ಬಸ್ಸು ಕಂಡಕ್ಟರು “ರೈಟ್” ಅನ್ನುವ ತನಕ ಅಲುಗುವುದಿಲ್ಲ. ಒಂದು ಸೀಟಿಗೆ ನಿಲುಗಡೆ, ಎರಡು ಸೀಟಿಗೆ ಹೊರಡು. ಹಿಂದಿನ ಬಾಗಿಲಲ್ಲಿ ಏನಾಗುತ್ತಿದೆ ಎಂಬುದು ಡ್ರೈವರಿಗೆ ಕಾಣುವುದಿಲ್ಲ, ಕಂಡಕ್ಟರಿಗೆ ಕಾಣುತ್ತದೆ. “ನನ್ನ ಸರ್ವಿಸು ಇಪ್ಪತ್ತು ವರ್ಷ, ನನಗ ನೀ ಹೇಳ್ತಿ ಏನು?” ಎಂದು ಡ್ರೈವರು ಗಾಡಿ ಎಳೆದರೆ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮುದುಕಿ ರಸ್ತೆಗೆ ಬೀಳುತ್ತಾಳೆ.

ಆಪರೇಷನ್ ಥಿಯೇಟರಿನಲ್ಲೂ ಹೀಗೆಯೇ. ಸರ್ಜನ್ನರ ಕಣ್ಣು ಗಾಯದ ಮೇಲೆ. ರೋಗಿಯ ರಕ್ತದೊತ್ತಡ ಇಳಿಯುವುದು ಅರಿವಳಿಕೆಯವರಿಗೆ ಕಾಣುತ್ತದೆ. ಒರೆಸುವ ಬಟ್ಟೆಯ ತುಂಡು ಒಂದು ಲೆಕ್ಕಕ್ಕೆ ಸಿಗದಿರುವುದು ನರ್ಸಿಗೆ ಗೊತ್ತು. ಬಾಗಿಲ ಹೊರಗಿನ ರೋಗಿ ಬೆಳಿಗ್ಗೆ ಯಾರಿಗೂ ಹೇಳದೆ ಚಹಾ ಕುಡಿದದ್ದು ವಾರ್ಡ್ ಬಾಯಿಗೆ ಗೊತ್ತು. ಗೊತ್ತಿದ್ದವರು ಹೇಳಬೇಕು, ದೊಡ್ಡವರು ಕೇಳಿಸಿಕೊಳ್ಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತದೆ.

ಲೆಕ್ಕ ಇಟ್ಟು ನೋಡಿದವರಿದ್ದಾರೆ

ಇದು ಬರೀ ಬಾಯಿಮಾತಲ್ಲ. ಕೆನಡಾದ ಟೊರೊಂಟೊ ನಗರದಲ್ಲಿ ಸಂಶೋಧಕರು ಥಿಯೇಟರಿನ ಮೂಲೆಯಲ್ಲಿ ನಿಂತು 48 ಆಪರೇಷನ್ನುಗಳಲ್ಲಿ ಯಾರು ಯಾರಿಗೆ ಏನು ಹೇಳಿದರು ಎಂದು ಬರೆದುಕೊಂಡರು. 2004ರಲ್ಲಿ ಅದು ಅಚ್ಚಾಯಿತು. ಒಟ್ಟು 421 ಮಾತುಕತೆಗಳಲ್ಲಿ 129 ಕೆಟ್ಟಿದ್ದವು, ಅಂದರೆ ಹತ್ತಕ್ಕೆ ಮೂರು. ಎಲ್ಲಕ್ಕಿಂತ ಹೆಚ್ಚಾಗಿ ಕಂಡ ತಪ್ಪು ಯಾವುದು ಗೊತ್ತೆ? ಹೇಳಿದ್ದಾರೆ, ಆದರೆ ಹೊತ್ತು ಮೀರಿದ ಮೇಲೆ ಹೇಳಿದ್ದಾರೆ! ಮಿಕ್ಕವು, ಅರ್ಧ ಹೇಳಿದ್ದು, ಹೇಳಬೇಕಾದವರನ್ನು ಬಿಟ್ಟು ಬೇರೆಯವರಿಗೆ ಹೇಳಿದ್ದು, ಕೇಳಿದ್ದಕ್ಕೆ ಉತ್ತರ ಬಾರದೆ ಹಾಗೇ ಉಳಿದದ್ದು. ಕೆಟ್ಟ ಮಾತುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವುಗಳ ಪರಿಣಾಮ ಅಲ್ಲೇ ಕಣ್ಣಿಗೆ ಕಂಡಿತು: ತಡ, ದಂಡ, ಸಿಡುಕು.

ಹಾಗಾದರೆ ಮದ್ದು? ಅದು ಬಹಳ ಅಗ್ಗದ್ದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಚಾಕು ಹಚ್ಚುವ ಮೊದಲು ಎಲ್ಲರೂ ಒಂದೆರಡು ನಿಮಿಷ ನಿಂತು ಮಾತಾಡುವ ಪದ್ಧತಿ ತಂದರು. ಯಾರು ಯಾರು ಇದ್ದೇವೆ, ರೋಗಿ ಯಾರು, ಏನು ಮಾಡಲಿದ್ದೇವೆ, ಏನು ಬೇಕಾದೀತು, ಎಲ್ಲಿ ಎಡವಬಹುದು, ಇಷ್ಟೇ. ಮೊದಲು ನೂರಕ್ಕೆ 36ರಷ್ಟು ಮಂದಿ “ಅನಿರೀಕ್ಷಿತ ತಡ ಆಯಿತು” ಎನ್ನುತ್ತಿದ್ದರು. ಪದ್ಧತಿ ಬಂದ ಮೇಲೆ ಅದು 25ಕ್ಕೆ ಇಳಿಯಿತು. ಇದು 2008ರಲ್ಲಿ ಪ್ರಕಟವಾದ ಲೆಕ್ಕ. ಎರಡು ನಿಮಿಷ ಹಾಕಿ ಅರ್ಧ ಗಂಟೆ ಉಳಿಸುವುದು ಯಾವ ವ್ಯಾಪಾರಿಗೂ ನಷ್ಟದ ವ್ಯವಹಾರವಲ್ಲ.

ಉಳಿದದ್ದು ಸಮಯ ಮಾತ್ರವೂ ಅಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಪೈಕಿ 74ರಲ್ಲಿ ಇಡೀ ಥಿಯೇಟರಿನ ತಂಡಕ್ಕೆ ಕೂಡಿ ಕೆಲಸ ಮಾಡುವ, ಬಾಯಿಬಿಟ್ಟು ಹೇಳುವ ತರಬೇತಿ ಕೊಟ್ಟರು. 2010ರ ವರದಿಯ ಪ್ರಕಾರ ತರಬೇತಿ ಪಡೆದ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ 18ರಷ್ಟು ಇಳಿದರೆ, ಪಡೆಯದ ಕಡೆ 7ರಷ್ಟು ಮಾತ್ರ ಇಳಿಯಿತು.

ವಿಮಾನದಿಂದ ಕಲಿತ ಪಾಠ

ದೊಡ್ಡವರಿಗೆ ಸಣ್ಣವರು ಹೇಳುವುದು ಎಷ್ಟು ಕಷ್ಟ ಎಂಬುದನ್ನು ಜಗತ್ತು ಕಲಿತದ್ದು ಒಂದು ಘೋರ ಅಪಘಾತದಿಂದ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ನೆಲದ ಮೇಲೆಯೇ ಢಿಕ್ಕಿ ಹೊಡೆದವು. ಮಂಜು ಕವಿದಿತ್ತು. ಓಟ ಶುರು ಮಾಡಿದ್ದ ವಿಮಾನದ ಎಂಜಿನಿಯರಿಗೆ ಸಂಶಯ ಬಂತು, ಮುಂದಿನ ವಿಮಾನ ದಾರಿಯಿಂದ ಸರಿದಿಲ್ಲವೇನೋ ಎಂದು. ಕೇಳಿದ. ಕ್ಯಾಪ್ಟನ್ ಹೆಸರಾಂತ ಹಿರಿಯ. ಸರಿದಿದೆ ಎಂದುಬಿಟ್ಟ. ಎಂಜಿನಿಯರು ಮತ್ತೆ ಬಾಯಿ ತೆರೆಯಲಿಲ್ಲ. 583 ಜನ ಸತ್ತರು.

ಅಲ್ಲಿಂದೀಚೆಗೆ ಪೈಲಟ್‌ಗಳಿಗೆ ವಿಮಾನ ಹಾರಿಸುವುದರ ಜೊತೆಗೆ ಕಿರಿಯರ ಮಾತು ಕೇಳುವುದನ್ನೂ ಕಲಿಸಲಾಗುತ್ತಿದೆ. ಸರ್ಜನ್ನರ ಕಥೆ? 2000ದಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯೊಂದರಲ್ಲಿ ಬಂದ ಸಮೀಕ್ಷೆಯಲ್ಲಿ, ಹಿರಿಯರ ತೀರ್ಮಾನವನ್ನು ಕಿರಿಯರು ಪ್ರಶ್ನಿಸಬಾರದೆಂಬ ಮಾತನ್ನು ಪೈಲಟ್‌ಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ತಳ್ಳಿಹಾಕಿದ್ದರು. ಹಿರಿಯ ಸರ್ಜನ್ನರಲ್ಲಿ ತಳ್ಳಿಹಾಕಿದವರು 55 ಮಂದಿ ಮಾತ್ರ.

ನಮ್ಮ ಕಡೆ ಇದು ಇನ್ನಷ್ಟು ಬಿಗಿ. “ಸಾಹೇಬ್ರ ಸಿಟ್ಟು ಬಲ್ಲಿಲ್ಲೇನು?” ಎಂಬುದೇ ಅನೇಕ ಕಚೇರಿಗಳ ಅಲಿಖಿತ ಕಾನೂನು. ಥಿಯೇಟರಿನಲ್ಲೂ ಒಂದು ಸಲ ಸಿಟ್ಟಿನಿಂದ ಕತ್ತರಿ ಎಸೆದ ಸರ್ಜನ್ನರಿಗೆ ಮರುದಿನ ನರ್ಸು ಏನನ್ನೂ ಹೇಳುವುದಿಲ್ಲ. ಕೇಳಿದ್ದನ್ನು ಮಾತ್ರ ಕೊಡುತ್ತಾಳೆ. ಕೇಳಿದ್ದು ತಪ್ಪಿದ್ದರೆ ತಪ್ಪನ್ನೇ ಕೊಡುತ್ತಾಳೆ. ಸಿಟ್ಟು ಮಾಡಿ ಕೆಲಸ ಬೇಗ ತೆಗೆದೆ ಎಂದು ಸಾಹೇಬರು ತಿಳಿಯುತ್ತಾರೆ. ನಿಜಕ್ಕೂ ಅಂದಿನಿಂದ ಕೆಲಸ ನಿಧಾನವಾಗುತ್ತಾ ಹೋಗುತ್ತದೆ.

ಒಂದು ಹಾಳೆಯ ಪಟ್ಟಿ

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಒಂದು ಹಾಳೆಯ ಪಟ್ಟಿ ತಂದಿತು. ಇದರ ಹಿಂದೆ ಇದ್ದವರಲ್ಲಿ ಪ್ರಮುಖರು ಅಮೆರಿಕದ ಸರ್ಜನ್ ಡಾ. ಅತುಲ್ ಗವಾಂಡೆ. ಅವರ ತಂದೆ ಮಹಾರಾಷ್ಟ್ರದ ಉಟಿ ಎಂಬ ಹಳ್ಳಿಯವರು. ಪಟ್ಟಿ ಮೂರು ಕಡೆ ತಂಡವನ್ನು ನಿಲ್ಲಿಸುತ್ತದೆ: ಮತ್ತು ಕೊಡುವ ಮೊದಲು, ಚಾಕು ಹಚ್ಚುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು. ರೋಗಿಯ ಹೆಸರು ಸರಿಯೇ? ಎಡವೋ ಬಲವೋ? ಔಷಧಿ ಒಗ್ಗದಿರುವುದುಂಟೆ? ರಕ್ತ ಹೋಗುವ ಭಯ ಉಂಟೆ? ನಂಜಾಗದಂತೆ ಕೊಡುವ ಔಷಧಿ ಒಂದು ಗಂಟೆಯೊಳಗೆ ಕೊಟ್ಟಾಯಿತೆ? ಬಟ್ಟೆ ತುಂಡು, ಸೂಜಿ, ಉಪಕರಣ ಎಲ್ಲ ಲೆಕ್ಕಕ್ಕೆ ಸಿಕ್ಕವೆ? ಇದರೊಳಗೆ ಒಂದು ಅಂಶ ಓದಿದವರಿಗೆ ನಗು ತರಿಸೀತು. ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು! ಆದರೆ ಒಮ್ಮೆ ಬಾಯಿಬಿಟ್ಟು ಹೆಸರು ಹೇಳಿದವಳಿಗೆ, ಮುಂದೆ “ಸರ್, ಒಂದು ನಿಮಿಷ ತಡೀರಿ” ಎನ್ನುವುದು ಸುಲಭವಾಗುತ್ತದೆ.

ದೆಹಲಿ ಸೇರಿ ಎಂಟು ದೇಶಗಳ ಎಂಟು ನಗರಗಳಲ್ಲಿ ಇದನ್ನು ಪರೀಕ್ಷಿಸಿದರು. ಪಟ್ಟಿಗೆ ಮೊದಲು 3,733 ರೋಗಿಗಳು, ನಂತರ 3,955 ರೋಗಿಗಳು. 2009ರ ಜನವರಿಯಲ್ಲಿ ಫಲಿತಾಂಶ ಬಂತು. ಸಾವು ಸಾವಿರಕ್ಕೆ 15ರಿಂದ 8ಕ್ಕೆ ಇಳಿದಿತ್ತು. ತೊಡಕು ಕಂಡ ರೋಗಿಗಳು ನೂರಕ್ಕೆ 11ರಿಂದ 7ಕ್ಕೆ ಇಳಿದಿದ್ದರು.

ಹಾಗೆಂದು ಕಾಗದ ಒಂದೇ ಕಾಪಾಡುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸರಕಾರವೇ ಈ ಪಟ್ಟಿಯನ್ನು ಜಾರಿಗೆ ತಂದಿತು. 101 ಆಸ್ಪತ್ರೆಗಳ 2 ಲಕ್ಷಕ್ಕೂ ಹೆಚ್ಚು ಆಪರೇಷನ್ನುಗಳನ್ನು ತಾಳೆ ನೋಡಿ 2014ರಲ್ಲಿ ವರದಿ ಬಂದಾಗ, ಸಾವಿನಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಅಲ್ಲಿ ಏನು ತಪ್ಪಿತೆಂಬ ಚರ್ಚೆ ಇನ್ನೂ ಇದೆ. ಆದರೆ ಸರಕಾರಿ ನಮೂನೆ ತುಂಬುವ ಅಭ್ಯಾಸ ನಮ್ಮವರಿಗೆ ಹೊಸದಲ್ಲ. ಕೂತಲ್ಲೇ 19 ಕಡೆ ಟಿಕ್ ಹೊಡೆದು ಸಹಿ ಮಾಡಿದರೆ ಕಾಗದ ತುಂಬೀತು. ಮಾತು ಆಡಿದಂತಾಗುವುದಿಲ್ಲ.

ನಮ್ಮ ರಾಜ್ಯದಲ್ಲೇ ಆದ ಪರೀಕ್ಷೆ

ಈ ಮಾತಿಗೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಹೆರಿಗೆ ಕೋಣೆಗೆಂದು ಇಂಥದೇ ಇನ್ನೊಂದು ಪಟ್ಟಿ ಮಾಡಿ, 2010ರಲ್ಲಿ ಮೊದಲು ಪರೀಕ್ಷಿಸಿದ್ದು ಕರ್ನಾಟಕದ್ದೇ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ. ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ಆಗುತ್ತಿದ್ದವು. ಪಟ್ಟಿ ಬಂದು, ಅದನ್ನು ಬಳಸುವುದನ್ನು ಕೂಡಿಸಿ ಕಲಿಸಿದ ಮೇಲೆ 25 ಆದವು. ಅದೇ ನರ್ಸುಗಳು, ಅದೇ ಮಂಚ, ಅದೇ ಕಟ್ಟಡ!

ಮುಂದೆ ಇದನ್ನೇ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನೋಡಿದರು. 2017ರಲ್ಲಿ ಬಂದ ಉತ್ತರ ಕಹಿಯಾಗಿತ್ತು. ಪಟ್ಟಿ ಪಡೆದ ಕಡೆ ಸಿಬ್ಬಂದಿಯ ಕೆಲಸ ಸುಧಾರಿಸಿತ್ತು, ಆದರೆ ತಾಯಿ ಮಕ್ಕಳ ಸಾವು ಕಡಿಮೆಯಾಗಿರಲಿಲ್ಲ. ಒಳ್ಳೆಯ ಮಾತು, ಒಳ್ಳೆಯ ಹೊಂದಾಣಿಕೆ ಬೇಕೇ ಬೇಕು. ಅದರ ಜೊತೆಗೆ ರಕ್ತ, ಔಷಧಿ, ಡಾಕ್ಟರು, ಆಂಬುಲೆನ್ಸು ಕೂಡ ಬೇಕು ಎಂಬುದನ್ನು ಮರೆಯುವಂತಿಲ್ಲ. “ಕೂಡಿ ಕೆಲಸಾ ಮಾಡ್ರಿ” ಎಂದು ಉಪದೇಶ ಮಾಡಿ ಖಾಲಿ ಹುದ್ದೆ ತುಂಬದೆ ಕೂರುವ ಸರಕಾರಕ್ಕೆ ಇದು ನೆಪವಾಗಬಾರದು.

ಡಾ. ಮೋದಿಯವರ ಸಾಲು ಮೇಜು

ಹಾಗಾದರೆ ಮಾತೂ ಕೈಯೂ ಹೊಂದಿಕೊಂಡರೆ ಎಷ್ಟು ಕೆಲಸ ಆದೀತು? ಇದಕ್ಕೆ ಉತ್ತರ ನಮ್ಮ ನೆರೆಯ ದಾವಣಗೆರೆಯಲ್ಲೇ ಇತ್ತು. ಬೀಳಗಿಯಲ್ಲಿ ಹುಟ್ಟಿ ದಾವಣಗೆರೆಯಲ್ಲಿ ನೆಲೆಸಿ ಹೆಸರಾದ ಕಣ್ಣಿನ ಡಾಕ್ಟರು ಎಂ.ಸಿ. ಮೋದಿಯವರನ್ನು ಹಳಬರು ಮರೆತಿಲ್ಲ. 1943ರಿಂದ ಊರೂರು ಸುತ್ತಿ ಉಚಿತ ಕಣ್ಣಿನ ಶಿಬಿರ ನಡೆಸಿದವರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು, 1993ರ ಫೆಬ್ರವರಿಯ ಹೊತ್ತಿಗೆ ಒಟ್ಟು 6,10,564 ಆಪರೇಷನ್ ಮುಗಿಸಿದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 2005ರಲ್ಲಿ ತೀರಿಕೊಂಡರು.

833ನ್ನು ಕೂತು ಲೆಕ್ಕ ಹಾಕಿ. ಒಂದು ದಿನಕ್ಕೆ 1,440 ನಿಮಿಷ. ಇಡೀ ಇಪ್ಪತ್ನಾಲ್ಕು ಗಂಟೆ ನಿಂತೇ ಮಾಡಿದರೂ ಒಬ್ಬರಿಗೆ ಎರಡು ನಿಮಿಷ ಪೂರ್ತಿ ಸಿಗುವುದಿಲ್ಲ! ಒಬ್ಬರೇ ಮಾಡಿದ್ದರೆ ಆಗುವ ಕೆಲಸವೇ ಅಲ್ಲ. ರೋಗಿಗಳನ್ನು ಸಾಲಾಗಿ ತಯಾರು ಮಾಡಿ ಮಲಗಿಸುವವರು ಬೇರೆ, ಕಟ್ಟು ಕಟ್ಟಿ ಕಳಿಸುವವರು ಬೇರೆ. ಡಾಕ್ಟರು ಮೇಜಿನಿಂದ ಮೇಜಿಗೆ ಸರಿಯುತ್ತಿದ್ದರು. ಯಾರ ಕೆಲಸ ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಶುರುವಾಗುತ್ತದೆ ಎಂಬುದು ಪ್ರತಿಯೊಬ್ಬರಿಗೂ ತಿಳಿದಿರದಿದ್ದರೆ ಈ ಸಾಲು ನಡೆಯುತ್ತಿರಲಿಲ್ಲ. 1976ರಲ್ಲಿ 11 ಹಾಸಿಗೆಗಳಿಂದ ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ ಕಟ್ಟಿದ ಅರವಿಂದ ಕಣ್ಣಾಸ್ಪತ್ರೆಯ ಗುಟ್ಟೂ ಇದೇ. ಸರ್ಜನ್ನರಿಗೆ ಎರಡು ಮೇಜು. ಒಂದರ ಮೇಲೆ ಆಪರೇಷನ್ ನಡೆಯುವಾಗ ಇನ್ನೊಂದರ ಮೇಲೆ ಮುಂದಿನವರು ತಯಾರು. ತಯಾರು ಮಾಡುವವರು ಹಳ್ಳಿಗಳಿಂದ ಆರಿಸಿ ತರಬೇತಿ ಕೊಟ್ಟ ಹೆಣ್ಣುಮಕ್ಕಳು.

ಬೇಗ ಅಂದರೆ ಅವಸರವಲ್ಲ

ಆದರೆ ಸಂಖ್ಯೆಯ ಬೆನ್ನು ಹತ್ತಿದರೆ ಏನಾದೀತು ಎಂಬುದಕ್ಕೂ ಉದಾಹರಣೆ ಇದೆ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಸಂತಾನಹರಣ ಶಿಬಿರವೊಂದರಲ್ಲಿ ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದರು. ಆ ದಿನಗಳ ಶಿಬಿರಗಳಿಂದ ಮನೆಗೆ ಹೋದವರಲ್ಲಿ 13 ಮಂದಿ ಸತ್ತರು. ಕಾರಣ ನಂಜೋ, ಔಷಧಿಯ ದೋಷವೋ ಎಂಬ ವಾದ ಬೇರೆ ನಡೆಯಿತು. ಆದರೆ ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಕೂಡದೆಂಬ ನಿಯಮ ಮುರಿದದ್ದಂತೂ ನಿಜ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನೇ ನಿಲ್ಲಿಸಲು ಆದೇಶಿಸಿತು. ಡಾ. ಮೋದಿಯವರ ಕಾಲದ ಬಯಲು ಶಿಬಿರಗಳ ಕಾಲವೂ ಈಗ ಮುಗಿದಿದೆ.

ಥಿಯೇಟರಿನಲ್ಲಿ ಉಳಿಸಬೇಕಾದದ್ದು ಚಾಕು ಆಡುವ ಹೊತ್ತನ್ನಲ್ಲ. ಚಾಕು ಆಡದೆ ಎಲ್ಲರೂ ಬರಿದೆ ನಿಂತ ಹೊತ್ತನ್ನು. “ಸಾಕು ಸಾಹೇಬ್ರ, ಇವತ್ತಿಗೆ ಇಷ್ಟ ಸಾಕು” ಎಂದು ಹೇಳಬಲ್ಲ ಒಬ್ಬ ನರ್ಸು ಪ್ರತಿ ಥಿಯೇಟರಿನಲ್ಲೂ ಇರಬೇಕು. ಆ ಮಾತು ಕೇಳಿ ನಿಲ್ಲಬಲ್ಲ ಸರ್ಜನ್ನರೂ ಇರಬೇಕು.

ನಮ್ಮ ಊರುಗಳ ಪಾಡು

1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ಆದರೂ ದೊಡ್ಡ ಕಾಯಿಲೆ ಬಂದರೆ ಹಾವೇರಿಯವರು ಹುಬ್ಬಳ್ಳಿ ಕಡೆ, ರಾಣೆಬೆನ್ನೂರಿನವರು ದಾವಣಗೆರೆ ಕಡೆ ಮುಖ ಮಾಡುವುದು ರೂಢಿ. 2022ರಲ್ಲಿ ಹಾವೇರಿಗೂ ಸರಕಾರಿ ಮೆಡಿಕಲ್ ಕಾಲೇಜು ಬಂತು. ಅಲ್ಲಿ ಓದುವ ಹುಡುಗ ಹುಡುಗಿಯರಿಗೆ ಒಂದು ಭಾಗ್ಯವಿದೆ. 2019ರಿಂದ ದೇಶದ ಎಂ.ಬಿ.ಬಿ.ಎಸ್. ಪಠ್ಯದಲ್ಲಿ ನಡತೆ, ನೀತಿ ಮತ್ತು ಮಾತುಕತೆಯನ್ನೂ ಪಾಠವಾಗಿ ಸೇರಿಸಲಾಗಿದೆ. ಹಿಂದಿನವರು ಇದನ್ನು ಗುರುಗಳನ್ನು ನೋಡಿ ಕಲಿಯುತ್ತಿದ್ದರು. ಗುರು ಸಿಟ್ಟಿನವರಾದರೆ ಸಿಟ್ಟನ್ನೇ ಕಲಿಯುತ್ತಿದ್ದರು! ಪರೀಕ್ಷೆಗೆ ಓದಿದ್ದು ಥಿಯೇಟರಿನಲ್ಲಿ ಉಳಿಯಬೇಕಾದರೆ, ಹಿರಿಯರು ಅವರ ಮುಂದೆ ಅದನ್ನೇ ಮಾಡಿ ತೋರಿಸಬೇಕು.

ಸಣ್ಣ ಊರಿನ ಥಿಯೇಟರಿಗೆ ತನ್ನದೇ ಕಷ್ಟಗಳಿವೆ. ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಅರಿವಳಿಕೆ ಡಾಕ್ಟರು ಅಲ್ಲೇ ಇರುವವರಲ್ಲ, ಕರೆದಾಗ ಬರುವವರು. ಒಂದು ಕಡೆ ತಡವಾದರೆ ಊರಿನ ಇನ್ನೆರಡು ಕಡೆ ರೋಗಿ ಮೇಜಿನ ಮೇಲೆ ಕಾಯುತ್ತಾನೆ. “ಇಲ್ಲಿ ಅರ್ಧ ತಾಸು ತಡಾ ಐತಿ, ಅಲ್ಲಿ ಮೊದಲ ಮುಗಿಸಿ ಬರ್ರಿ” ಎಂಬ ಒಂದು ಫೋನು ಮೂರು ಮನೆಗಳ ದಿನವನ್ನು ಉಳಿಸೀತು.

ಇನ್ನು ಭಾಷೆ. ಸರ್ಜನ್ ಹೊರಗಿನವರು, ನರ್ಸು ಮಲಯಾಳಿ, ರೋಗಿ ಲಂಬಾಣಿ ತಾಂಡಾದ ಅಜ್ಜಿ ಅಥವಾ ಮನೆಯಲ್ಲಿ ಉರ್ದು ಆಡುವ ಬೀಬಿ ಆಗಿರಬಹುದು. “ಆಯ್ತ್ರೀ” ಎಂದು ತಲೆ ಅಲ್ಲಾಡಿಸಿದ್ದನ್ನೇ ಒಪ್ಪಿಗೆ ಎಂದು ತಿಳಿದರೆ ಕೆಟ್ಟಂತೆ. ಹೆಸರಿನ ಗೊಂದಲ ಬೇರೆ. ನಮ್ಮ ಕಡೆ ಒಂದು ವಾರ್ಡಿನಲ್ಲಿ “ಬಸವರಾಜ” ಎಂದು ಕೂಗಿದರೆ ಮೂರು ಮಂದಿ ಎದ್ದು ಕೂರುತ್ತಾರೆ. ಅದಕ್ಕೇ ಹೆಸರಿನ ಜೊತೆ ತಂದೆಯ ಹೆಸರು, ಊರು ಕೇಳುವುದು. ಅಡ್ಡಹೆಸರನ್ನೂ ಕೇಳಿದರೆ ಇನ್ನೂ ಒಳ್ಳೆಯದು.

ಹೊರಗೆ ಕೂತವರು ಮಾಡಬಹುದಾದದ್ದು

ಎಲ್ಲ ಹೊಣೆಯೂ ಒಳಗಿನವರದಲ್ಲ. ರೋಗಿ, ರೋಗಿಯ ಕಡೆಯವರೂ ತಂಡದಲ್ಲಿ ಸೇರಿದವರೇ.

ಬಿ.ಪಿ., ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ, ಏನೇ ತೆಗೆದುಕೊಳ್ಳುತ್ತಿದ್ದರೂ ಮೊದಲೇ ಹೇಳಬೇಕು. ಮಾತ್ರೆಯ ಚೀಟಿಯನ್ನೇ ತಂದು ತೋರಿಸುವುದು ಲೇಸು. “ಡಾಕ್ಟ್ರು ಕೇಳಲಿಲ್ಲ, ನಾವು ಹೇಳಲಿಲ್ಲ” ಎಂಬುದರಿಂದಲೇ ಎಷ್ಟೋ ಆಪರೇಷನ್ ಮೇಜಿನ ತನಕ ಬಂದು ಹಿಂದೆ ಹೋಗುತ್ತವೆ.

ಉಪವಾಸ ಎಷ್ಟು ಹೊತ್ತಿನಿಂದ ಎಂದು ಗಂಟೆ ಹಾಕಿ ಕೇಳಬೇಕು. ಇಂದಿನ ಅರಿವಳಿಕೆ ನಿಯಮದಲ್ಲಿ ಸಾಮಾನ್ಯವಾಗಿ ಊಟಕ್ಕೆ ಆರು ತಾಸಿಗಿಂತ ಹೆಚ್ಚು ಅಂತರ ಬೇಕು, ಬರೀ ನೀರಿಗೆ ಎರಡು ತಾಸು ಸಾಕು. ಸರದಿ ಮಧ್ಯಾಹ್ನಕ್ಕಿದೆ ಎಂದು ಯಾರಾದರೂ ಹೇಳಿದ್ದರೆ ಆ ಮುದುಕಿ ಬೆಳಿಗ್ಗೆ ಗಂಟಲು ಒಣಗಿಸಿಕೊಂಡು ಕೂರಬೇಕಿರಲಿಲ್ಲ. ಆದರೆ ಇದನ್ನು ರೋಗಿ ತಾನೇ ತೀರ್ಮಾನಿಸುವಂತಿಲ್ಲ, ರೋಗ ನೋಡಿ ಡಾಕ್ಟರು ಹೇಳಬೇಕು. ಯಾರೋ ಕೊಟ್ಟ ಅರ್ಧ ಕಪ್ ಚಹಾ ಕುಡಿದಿದ್ದರೆ ಮುಚ್ಚಿಡಬಾರದು. ಹೇಳಿದರೆ ಆಪರೇಷನ್ ತಡವಾದೀತು, ಮುಚ್ಚಿಟ್ಟರೆ ಜೀವಕ್ಕೇ ಕುತ್ತು.

ನಾಲ್ಕು ಮಂದಿ ನಾಲ್ಕು ಸಲ ಬಂದು “ನಿಮ್ಮ ಹೆಸರೇನ್ರಿ? ಯಾವ ಕಾಲ್ರಿ?” ಎಂದು ಕೇಳಿದರೆ “ಎಷ್ಟ್ ಸಲ ಹೇಳೂದು?” ಎಂದು ಸಿಡುಕುವ ಕಾರಣವಿಲ್ಲ. ಕೇಳದಿದ್ದರೆ ಹೆದರಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆಯಾದರೆ ಪಡಿತರ ಚೀಟಿ, ಆಧಾರ್ ಕಾಗದ ಹಿಂದಿನ ದಿನವೇ ಕೊಟ್ಟು, ಮಂಜೂರಾತಿ ಬಂತೇ ಎಂದು ವಿಚಾರಿಸಬೇಕು.

ಕೊನೆಗೆ ಒಂದು ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗೂ ಇದೆ: “ನಮ್ಮದು ಇವತ್ತ ಎಷ್ಟನೇ ನಂಬರ್ರಿ? ತಡಾ ಆದ್ರ ನಮಗ ಯಾರು ಹೇಳ್ತಾರ್ರಿ?”

ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಆಸ್ಪತ್ರೆಯಲ್ಲಿ, ಒಳಗಿನವರೂ ಒಬ್ಬರಿಗೊಬ್ಬರು ಹೇಳಿಕೊಂಡಿದ್ದಾರೆ ಎಂದು ತಿಳಿಯಬಹುದು. ಅದಕ್ಕೆ ಹೊಸ ಕಟ್ಟಡ ಬೇಡ, ಮಂತ್ರಿಗಳ ಟೇಪು ಕತ್ತರಿಸುವ ಸಮಾರಂಭ ಬೇಡ. ಬೆಳಿಗ್ಗೆ ಒಂಬತ್ತಕ್ಕೆ ಸರ್ಜನ್ನರು ಕೈ ತೊಳೆಯುವ ಮೊದಲು ಎರಡು ನಿಮಿಷ ನಿಂತು, ಆಯಾ ಸೇರಿದಂತೆ ಎಲ್ಲರ ಮುಖ ನೋಡಿ, “ಇವತ್ತು ನಾಲ್ಕು ಕೇಸು. ಯಾರಿಗಾದರೂ ಏನಾದರೂ ಹೇಳೋದಿದೆಯಾ?” ಎಂದು ಕೇಳಿದರೆ ಸಾಕು.

ಹಾಗೆ ಕೇಳಿದ್ದರೆ ನಾಲ್ಕನೆಯ ನಂಬರಿನ ಮುದುಕಿಯ ಆಪರೇಷನ್ ಗುರುವಾರವೇ ಮುಗಿದಿರುತ್ತಿತ್ತು. ಅವಳ ಮಗ ಸೋಮವಾರ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತಿರುತ್ತಿದ್ದ.